ಕಾಲಿನ ಗುಳಿ

ಇವತ್ತು ತೀರ್ಥಹಳ್ಳಿ ಕಡೆಯ ಅಜ್ಜರೊಬ್ಬರ ಕಣಕಾಲಿಗೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಹಾಗೇ ನಿಂತಿತ್ತು.
"ಮಳೆ ಥಂಡಿಗೆ ಬಾತಿದೆ" ಅಂದರು.

ಥಂಡಿಯಲ್ಲ ಅಜ್ಜಾ. ಶುರುವಾಗಿದ್ದು ಶ್ವಾಸಕೋಶದಲ್ಲಿ.

ಗಾಳಿ ಹೋಗದ ಕಡೆ ಅಲ್ಲಿನ ರಕ್ತನಾಳ ತಾನಾಗೇ ಬಿಗಿಯುತ್ತೆ, ರಕ್ತ ಗಾಳಿ ಇರೋ ಕಡೆಗೆ ತಿರುಗಲಿ ಅಂತ. ತೋಟದಲ್ಲಿ ಒಂದು ಕಾಲುವೆ ಕಟ್ಟಿ ಇನ್ನೊಂದಕ್ಕೆ ನೀರು ಬಿಟ್ಟ ಹಾಗೆ. ಸಿಒಪಿಡಿಯಲ್ಲಿ, ಅಂದರೆ ಶ್ವಾಸನಾಳ ಕಿರಿದಾಗಿ ವರ್ಷಗಟ್ಟಲೆ ಕಾಡೋ ಶ್ವಾಸಕೋಶದ ಕಾಯಿಲೆಯಲ್ಲಿ, ಬಹಳ ಕಡೆ ಗಾಳಿ ಕಮ್ಮಿ, ಬಹಳ ಕಡೆ ಬಿಗಿತ. ವರ್ಷಗಟ್ಟಲೆ ಹೀಗಾದರೆ ನಾಳದ ಗೋಡೆಯೇ ದಪ್ಪ. ಬೀಡಿ ಹೊಗೆ ನಾಳದ ಒಳಪದರವನ್ನೂ ಬಿಡಲ್ಲ. ಗಾಳಿಗೂಡು ಹರಿದಲ್ಲಿ ಕೂದಲೆಳೆ ನಾಳಗಳೂ ಹೋದವು.

ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯೋ ಅಪಧಮನಿಯ ಸರಾಸರಿ ಒತ್ತಡ ಸುಮಾರು 14 mmHg ಇರಬೇಕು. ನಾಳ ಕಿರಿದಾದಷ್ಟೂ ಅದು ಏರುತ್ತೆ; 20 ದಾಟಿದರೆ ಹೆಚ್ಚು. ಹೃದಯದ ಬಲಗೋಡೆ ತೆಳು ಪಾಪ, ತಳ್ಳಿ ತಳ್ಳಿ ಸೋಲುತ್ತೆ. ನೀರು ಕಾಲಿಗಿಳಿಯುತ್ತೆ.

ಸುಮ್ಮನೆ ಕೂತಾಗಲೂ ರಕ್ತದ ಆಕ್ಸಿಜನ್ ಮಟ್ಟ ಶೇ. 88 ಅಥವಾ ಕೆಳಗೇ ಇದ್ದರೆ, ವೈದ್ಯರು ಬರೆದುಕೊಟ್ಟಂತೆ ದಿನಕ್ಕೆ ಕನಿಷ್ಠ 15 ಗಂಟೆ ಮನೆಯಲ್ಲೇ ಆಕ್ಸಿಜನ್. ಉಸಿರು ಕಟ್ಟಿತು ಅಂತ ನೀವೇ ಹೆಚ್ಚಿಗೆ ತಿರುಗಿಸಬೇಡಿ, ಕಾರ್ಬನ್ ಡೈಆಕ್ಸೈಡ್ ಏರಿ ಮಂಪರು ಬರುತ್ತೆ.

ಮತ್ತೆ, ಆ ಪೈಪು ಹಾಕಿಕೊಂಡು ಬಚ್ಚಲೊಲೆ ಹತ್ತಿರ ಮಾತ್ರ ಹೋಗಲೇಬೇಡಿ.