ಹದಿಮೂರು ನಂಬರ್ ಚಾವಿ

ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷ್‌ನಿಂದ ಕನ್ನಡಕ್ಕೆ ತರುವುದು ನನ್ನ ಕೆಲಸ. ಹೋದ ತಿಂಗಳು ಬ್ರೆಜಿಲ್‌ನ ಕಂಪ್ರೆಸರ್ ಒಂದರ ಕೈಪಿಡಿ ಬಂತು. ಹದಿಮೂರು ನಂಬರಿನ ‘ಕೀ’ಯಿಂದ ನಟ್ ಬಿಚ್ಚಬೇಕು ಅಂತಿತ್ತು, ಚಾವಿ ಅಂತ ಬರೆದುಬಿಟ್ಟೆ. ಸೂಪರ್ ಮಾರ್ಕೆಟ್ ಕಡೆ ಗ್ಯಾರೇಜ್ ಇಟ್ಟಿರುವ ತಮ್ಮ ಊಟಕ್ಕೆ ಬಂದವನು ಲ್ಯಾಪ್‌ಟಾಪ್‌ಗೆ ಬಗ್ಗಿ ನೋಡಿ, “ಅಕ್ಕಾ, ಚಾವಿಲಿಂದ ನಟ್ ಹ್ಯಾಂಗ ಬಿಚ್ತದ? ಅದು ಪಾನಾ ಇರ್ಬೇಕ್ ನೋಡು” ಅಂದ.

ಮೂಲ ಪೋರ್ಚುಗೀಸ್ ಪುಟ ತೆಗೆದೆ. ಅಲ್ಲಿದ್ದ ಪದ ‘ಶಾವಿ’. ಬಾಗಿಲು ತೆಗೆಯುವ ಚಾವಿಗೂ ಅದೇ, ಪಾನಾಕ್ಕೂ ಅದೇ. ಓಪನ್ ಎಂಡ್ ಸ್ಪ್ಯಾನರ್ ಅವರಿಗೆ ‘ಬಾಯಿಯ ಶಾವಿ’, ಅಡ್ಜಸ್ಟಬಲ್ ಸ್ಪ್ಯಾನರ್ ‘ಇಂಗ್ಲಿಷ್ ಶಾವಿ’. ಸ್ಕ್ರೂಡ್ರೈವರ್ ಕೂಡ ಒಂದು ಶಾವಿಯೇ. ಎರಡು ಪುಟ ಮುಂದೆ, ಮುಚ್ಚಳ ತೆಗೆಯುವ ಮೊದಲು ‘ಜನರಲ್ ಕೀ’ ಬಂದ್ ಮಾಡಿ ಅಂತಿತ್ತು. ಅದು ಮೇನ್ ಸ್ವಿಚ್! ಓದಿದಾಗ ನನ್ನ ಕೈ ತಣ್ಣಗಾಯಿತು. ಕೈಪಿಡಿ ಹಿಡಿದು ಚಾವಿ ಹುಡುಕುತ್ತಾ, ಕೊನೆಗೆ ಕರೆಂಟ್ ಇದ್ದಂತೆಯೇ ಮುಚ್ಚಳ ಬಿಚ್ಚುವವರು ಯಾರದೋ ಮನೆಯ ಮಗ.

ಆಮೇಲೆ ಆ ಪದ ನನ್ನನ್ನು ಬಿಡಲಿಲ್ಲ. ಕುಸ್ತಿಯಲ್ಲಿ ತೋಳು ತಿರುವಿ ಹಿಡಿಯುವ ಪಟ್ಟಿಗೆ ಇಂಗ್ಲಿಷರು ಲಾಕ್ ಅನ್ನುತ್ತಾರೆ, ಪೋರ್ಚುಗೀಸರು ‘ತೋಳಿನ ಶಾವಿ’. ಒಂದೇ ಹಿಡಿತ, ಒಬ್ಬರಿಗೆ ಬೀಗ, ಇನ್ನೊಬ್ಬರಿಗೆ ಬೀಗದ ಕೈ. ಲೆಕ್ಕದಲ್ಲಿ ಬರುವ ಬಳುಕು ಆವರಣ ಚಿಹ್ನೆಗಳೂ ಶಾವಿಗಳೇ. ಆದರೆ ಇಂಗ್ಲಿಷಿನ ಕೀ ಹೋದಲ್ಲೆಲ್ಲ ಶಾವಿ ಹೋಗುವುದಿಲ್ಲ. ಪಿಯಾನೋದ ಪಟ್ಟಿಗೂ ಕಂಪ್ಯೂಟರಿನ ಗುಂಡಿಗೂ ಅವರಲ್ಲಿ ‘ಟೆಕ್ಲಾ’ ಅಂತ ಬೇರೆ ಪದವಿದೆ.

ಇನ್ನು ನಮ್ಮ ಚಾವಿ. ಕಲಬುರಗಿಯ ಮನೆಮನೆಯಲ್ಲಿ ದಿನಾ ಕೂಗುವ ಈ ಪದ ಅದೇ ಪೋರ್ಚುಗೀಸ್ ಪದ. ಅವರು ಗೋವಾ ಹಿಡಿದದ್ದು 1510ರಲ್ಲಿ. ಆ ಕಾಲಕ್ಕೆ ಅವರೂ ಮೊದಲಕ್ಷರವನ್ನು ‘ಚ’ ಅಂತಲೇ ನುಡಿಯುತ್ತಿದ್ದರು. ಅದು ‘ಶ’ ಆದದ್ದು ಆಮೇಲೆ. ಅವರ ಬಾಯಿಂದ ಹೋದ ಚಕಾರ ನಮ್ಮ ಅವ್ವಂದಿರ ಬಾಯಲ್ಲಿ ಉಳಿದಿದೆ. ಇದು ಗೊತ್ತಾದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ.

ತಿದ್ದಿದ ಕೈಪಿಡಿಯಲ್ಲಿ ‘ಪಾನಾ’ ಅಂತಲೇ ಹಾಕಿದ್ದೇನೆ. ಸ್ಪ್ಯಾನರ್ ಅನ್ನಿ ಅಂತ ಆಫೀಸಿನವರು ಹೇಳಿದರು, ನಾನು ಒಪ್ಪಲಿಲ್ಲ. ಗ್ಯಾರೇಜಿನ ಹುಡುಗರು ಕೇಳುವುದೇ ಪಾನಾ.

ನಮ್ಮ ಪಡಸಾಲೆಯಲ್ಲಿ ಅಜ್ಜನ ಕಾಲದ ಗೋಡೆ ಗಡಿಯಾರ ಇದೆ. ರವಿವಾರಕ್ಕೊಮ್ಮೆ ಅದಕ್ಕೆ ಚಾವಿ ಕೊಡಬೇಕು. ಇದನ್ನೂ ಹುಡುಕಿದೆ: ಪೋರ್ಚುಗೀಸರು ಗಡಿಯಾರಕ್ಕೆ ಚಾವಿ ಕೊಡುವುದಿಲ್ಲ, ‘ಹಗ್ಗ’ ಕೊಡುತ್ತಾರೆ. ಅವ್ವಗೆ ಹೇಳಿದೆ. ಸ್ಟೂಲ್ ಹತ್ತಿ ನಿಂತವಳು ಕಟ್ ಕಟ್ ಅಂತ ತಿರುವುತ್ತಲೇ, “ಹಗ್ಗಾ? ಗಡಿಯಾರ ಏನು ಎಮ್ಮೀನಾ?” ಅಂದಳು.