ವಾರವಾರ ಊಟ ಮಾಡುವ ದುಡ್ಡನ್ನೇ ಬಡವರಿಗೆ ಕೊಡಬಾರದಾ?

ಈ ಪ್ರಶ್ನೆಯನ್ನು ನನಗೆ ಎಷ್ಟು ಜನ ಕೇಳಿದ್ದಾರೋ ಲೆಕ್ಕವಿಲ್ಲ. ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕ ಕೂತವರು ಕೇಳಿದ್ದಾರೆ, ರಶೀದಿ ಪುಸ್ತಕ ಹಿಡಿದುಕೊಂಡು ಅಂಗಡಿಗೆ ಹೋದಾಗ ಕೇಳಿದ್ದಾರೆ, ನನ್ನ ಅಕ್ಕನೂ ಕೇಳಿದ್ದಾಳೆ. "ಪ್ರತಿ ಮಂಗಳವಾರ ಸೇರ್ತೀರಿ, ಊಟ ಮಾಡ್ತೀರಿ, ಆಮೇಲೆ ನಮ್ಮ ಹತ್ರ ಬಂದು ಚಂದಾ ಕೇಳ್ತೀರಿ. ಆ ಊಟದ ದುಡ್ಡನ್ನೇ ಬಡವರಿಗೆ ಕೊಟ್ಟುಬಿಟ್ರೆ ಆಗಲ್ವಾ?"

ನಾನು ಮಲೆನಾಡಿನ ಒಂದು ತಾಲೂಕು ಊರಿನವನು. ಬೇರೆ ಬೇರೆ ವೃತ್ತಿಯವರು ಸೇರಿ ಸಮಾಜಸೇವೆ ಮಾಡುವ ಇಲ್ಲಿನ ರೋಟರಿ ಕ್ಲಬ್ಬಿಗೆ ಸೇರಿ 16 ವರ್ಷವಾಯಿತು. ಒಂದು ವರ್ಷ ಕಾರ್ಯದರ್ಶಿ ಆಗಿದ್ದೆ, ಎರಡು ವರ್ಷ ಖಜಾಂಚಿ. ದುಡ್ಡು ಕೊಡುವವರಿಗೆ ಹೀಗೆ ಕೇಳುವ ಹಕ್ಕಿದೆ. ಸುಮ್ನೆ ನಕ್ಕು ಮಾತು ಮರೆಸುವುದು ಸರಿಯಲ್ಲ. ಅದಕ್ಕೇ ಇವತ್ತು ಕೂತು ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ಮೊದಲು ಊಟದ ವಿಷಯ ಮುಗಿಸಿಬಿಡುತ್ತೇನೆ. ನಮ್ಮಲ್ಲಿ ಊಟ ಇರುವುದು ತಿಂಗಳಿಗೆ ಒಂದೇ ಮಂಗಳವಾರ. ಉಳಿದ ವಾರ ಚಹಾ ಮತ್ತು ಮಂಡಕ್ಕಿ, ಮಳೆಗಾಲದಲ್ಲಿ ಬಿಸಿ ಬೋಂಡಾ. ಎರಡಕ್ಕೂ ದುಡ್ಡು ಸದಸ್ಯರು ಕಟ್ಟುವ ವರ್ಷದ ಶುಲ್ಕದಿಂದ ಬರುತ್ತದೆ. ಊರಿನವರು ಕೊಟ್ಟ ದುಡ್ಡು ಬೇರೆಯೇ ಬ್ಯಾಂಕ್ ಖಾತೆಯಲ್ಲಿ ಇರುತ್ತದೆ, ಆ ಖಾತೆಯಿಂದ ಒಂದು ಲೋಟ ಚಹಾ ಕೂಡ ಬಂದಿಲ್ಲ. ನಾನೇ ಲೆಕ್ಕದ ಪುಸ್ತಕ ಬರೆದವನು, ಎದೆ ಮುಟ್ಟಿಕೊಂಡು ಹೇಳುತ್ತೇನೆ.

ಆದರೆ ಇಷ್ಟು ಹೇಳಿದರೆ ಅರ್ಧ ಉತ್ತರ ಮಾತ್ರ ಆಯಿತು. ಊಟ ನಿಮ್ಮದೇ ದುಡ್ಡಿನದು ಸರಿ, ಆ ದುಡ್ಡನ್ನೂ ಸೇರಿಸಿ ಕೊಟ್ಟು ಮನೆಯಲ್ಲೇ ಇರಬಹುದಲ್ವಾ ಅಂತ ಮತ್ತೆ ಕೇಳುತ್ತಾರೆ. ವಾರ ಬಿಡದೆ ಯಾಕೆ ಸೇರಬೇಕು ಅನ್ನುವುದೇ ಅವರ ಮನಸ್ಸಿನಲ್ಲಿರುವ ಪ್ರಶ್ನೆ. ಇದಕ್ಕೆ ಉತ್ತರ ನನಗೂ ಮೊದಲು ಗೊತ್ತಿರಲಿಲ್ಲ. ಒಂದು ಶಾಲೆಯ ನೀರಿನ ಯಂತ್ರ ನೋಡಿದ ಮೇಲೆ ಗೊತ್ತಾಯಿತು.

ಆ ವರ್ಷ ನಮ್ಮ ಸಭೆಗಳು ಸರಿಯಾಗಿ ನಡೆಯುತ್ತಿರಲಿಲ್ಲ. ಎಲ್ಲರಿಗೂ ಕೆಲಸ ಜಾಸ್ತಿ, ತಿಂಗಳಿಗೊಮ್ಮೆ ಸೇರಿದರೆ ಹೆಚ್ಚು. ಆದರೂ ಏನಾದರೂ ಮಾಡಬೇಕಲ್ಲ ಅಂತ, ಪೇಟೆಯಿಂದ ದೂರದ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಕುಡಿಯುವ ನೀರು ಶುದ್ಧ ಮಾಡುವ ಯಂತ್ರ ಕೊಡಿಸಿದೆವು. ಫೋನಿನಲ್ಲೇ ಮಾತಾಡಿ, ಫೋನಿನಲ್ಲೇ ಒಪ್ಪಿ, ಚೆಕ್ ಬರೆದೆವು. ಉದ್ಘಾಟನೆಯ ದಿನ ಎಲ್ಲರೂ ಹೋಗಿ ರಿಬ್ಬನ್ ಕತ್ತರಿಸಿ ಬಂದೆವು. ಒಂದು ವರ್ಷದ ಮೇಲೆ ಬೇರೆ ಕೆಲಸಕ್ಕೆ ಆ ದಾರಿಯಲ್ಲಿ ಹೋದವನು ಒಳಗೆ ಹೋಗಿ ನೋಡಿದೆ. ಯಂತ್ರದ ಮೇಲೆ ಚಾಪೆ ಸುರುಳಿ ಇಟ್ಟಿದ್ದರು. ನೀರಿನಲ್ಲಿ ಕಬ್ಬಿಣದ ಅಂಶ ಇದ್ದು ಫಿಲ್ಟರ್ ಮೂರು ತಿಂಗಳಲ್ಲೇ ಕಟ್ಟಿಕೊಂಡಿತ್ತು, ಹಾಕಿಕೊಟ್ಟ ಕಂಪನಿಯವರು ಬಂದು ನೋಡಲಿಲ್ಲ, ಫಿಲ್ಟರ್ ಬದಲಿಸಲು ಶಾಲೆಯ ಹತ್ತಿರ ದುಡ್ಡಿಲ್ಲ. ನಮಗೆ ಹೇಳಬಹುದಿತ್ತಲ್ಲ ಅಂತ ಕೇಳಿದೆ. ಮುಖ್ಯೋಪಾಧ್ಯಾಯಿನಿ ಮೆತ್ತಗೆ, "ಯಾರಿಗೆ ಹೇಳೋದು ಅಂತ ಗೊತ್ತಾಗಲಿಲ್ಲ ಸರ್" ಅಂದರು. ಮಕ್ಕಳು ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ನಮ್ಮ ಕ್ಲಬ್ಬಿನ ಹೆಸರಿದ್ದ ಫಲಕ ಮಾತ್ರ ಗೋಡೆಯ ಮೇಲೆ ಚೆನ್ನಾಗಿಯೇ ಇತ್ತು. ಆ ದಿನದ ಸಂಕಟ ಇನ್ನೂ ಹೋಗಿಲ್ಲ.

ಅಲ್ಲಿ ದುಡ್ಡಿಗೇನೂ ಕೊರತೆ ಇರಲಿಲ್ಲ, ಕೇಳುವ ಮನುಷ್ಯರ ಕೊರತೆ ಇತ್ತು. ವಾರವಾರ ಸೇರುವ ಕಡೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ: ಆ ಶಾಲೆಯ ಬೋರ್‌ವೆಲ್ ನೀರು ಪರೀಕ್ಷೆ ಮಾಡಿಸಿದ್ರಾ? ಕರೆಂಟ್ ಎಷ್ಟು ಹೊತ್ತು ಇರುತ್ತೆ? ಮುಂದಿನ ವರ್ಷ ಫಿಲ್ಟರ್ ಯಾರು ಹಾಕಿಸ್ತಾರೆ? ನಮ್ಮ ಕ್ಲಬ್ಬಿನಲ್ಲಿ ಅಡಿಕೆ ಮಂಡಿಯವರಿದ್ದಾರೆ, ಡಾಕ್ಟರ್ ಇದ್ದಾರೆ, ಎಲೆಕ್ಟ್ರಿಕಲ್ ಅಂಗಡಿಯವರು, ಪ್ರೆಸ್ಸಿನವರು, ಕಾಲೇಜು ಮೇಷ್ಟ್ರು, ಲೆಕ್ಕ ಪರಿಶೋಧಕರು ಇದ್ದಾರೆ. ಒಂದೊಂದು ವೃತ್ತಿಯಿಂದ ಒಬ್ಬೊಬ್ಬರು ಅನ್ನುವುದು ರೋಟರಿಯ ಹಳೇ ಕ್ರಮ. ಎಲೆಕ್ಟ್ರಿಕಲ್ ಅಂಗಡಿಯವರಿಗೆ ಕಾಣುವ ತಪ್ಪು ಡಾಕ್ಟರಿಗೆ ಕಾಣುವುದಿಲ್ಲ. ಆದರೆ ಎಲ್ಲರೂ ಒಂದೇ ಕೋಣೆಯಲ್ಲಿ ಕೂತರೆ ತಾನೇ ಆ ಮಾತು ಹೊರಗೆ ಬರುವುದು?

ಇದಕ್ಕೆ ಇನ್ನೊಂದು ಉದಾಹರಣೆ ಕೊಡುತ್ತೇನೆ. ಒಂದು ಪ್ರೌಢಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ ಕಟ್ಟಿಸುವ ಮಾತು ಬಂದಾಗ ಅಂದಾಜು ಪಟ್ಟಿ, ನಕ್ಷೆ ಎಲ್ಲ ತಯಾರಾಗಿತ್ತು. ನಮ್ಮ ಸದಸ್ಯೆಯಾದ ದಂತವೈದ್ಯೆಯೊಬ್ಬರು ಎದ್ದು, "ನೀರು ಎಲ್ಲಿಂದ ಬರುತ್ತೆ, ಬಾಗಿಲಿಗೆ ಒಳಗಿನ ಚಿಲಕ ಎಷ್ಟು ಎತ್ತರದಲ್ಲಿದೆ, ಬಳಸಿದ ಪ್ಯಾಡ್ ಎಲ್ಲಿ ಹಾಕಬೇಕು?" ಅಂತ ಮೂರು ಪ್ರಶ್ನೆ ಕೇಳಿದರು. ಮೂರಕ್ಕೂ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಮತ್ತೆ ಮೂರು ಮಂಗಳವಾರ ಅದೇ ಚರ್ಚೆ ನಡೆಯಿತು, ಕೆಲವರಿಗೆ ಬೇಸರವೂ ಬಂತು. ಕೊನೆಗೆ ಮೇಲೊಂದು ನೀರಿನ ಟ್ಯಾಂಕ್ ಸೇರಿಸಿ, ಪ್ಯಾಡ್ ಸುಡುವ ವ್ಯವಸ್ಥೆ ಸೇರಿಸಿ, ಶೌಚಾಲಯಗಳ ಸಂಖ್ಯೆಯನ್ನೇ ಕಡಿಮೆ ಮಾಡಿದೆವು. ಅವು ಇವತ್ತಿಗೂ ಬಳಕೆಯಲ್ಲಿವೆ. ರೋಟರಿ ಹೆಣ್ಣುಮಕ್ಕಳನ್ನು ಸದಸ್ಯರಾಗಿ ಒಪ್ಪಿಕೊಂಡಿದ್ದು 1989ರಲ್ಲಿ, ಅದೂ 1987ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹೇಳಿದ ಮೇಲೆ. ಅಷ್ಟು ವರ್ಷ ಎಷ್ಟು ಪ್ರಶ್ನೆಗಳು ಯಾರೂ ಕೇಳದೆ ಉಳಿದಿದ್ದವೋ ಅಂತ ನನಗೆ ಆಗಾಗ ಅನ್ನಿಸುತ್ತದೆ.

ಇನ್ನೊಂದು ಮಾತು. ರೋಟರಿ ಶುರುವಾಗಿದ್ದೇ ಸೇವೆಗಾಗಿ ಅಲ್ಲ, ಗೆಳೆತನಕ್ಕಾಗಿ. 1905ರ ಫೆಬ್ರವರಿ 23ರಂದು ಶಿಕಾಗೋದಲ್ಲಿ ಪಾಲ್ ಹ್ಯಾರಿಸ್ ಅನ್ನುವ ವಕೀಲರು ಮೂವರು ಪರಿಚಯದವರ ಜೊತೆ ಕೂತರು. ಒಬ್ಬರು ಕಲ್ಲಿದ್ದಲು ವ್ಯಾಪಾರಿ, ಒಬ್ಬರು ಗಣಿ ಎಂಜಿನಿಯರ್, ಇನ್ನೊಬ್ಬರು ದರ್ಜಿ. ಹ್ಯಾರಿಸ್ ಬೆಳೆದಿದ್ದು ಒಂದು ಸಣ್ಣ ಊರಿನಲ್ಲಿ. ದೊಡ್ಡ ಪಟ್ಟಣಕ್ಕೆ ಬಂದ ಮೇಲೆ ಒಂಟಿ ಅನ್ನಿಸಿತ್ತು. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದರು, ಹಾಗೆ ಸುತ್ತುತ್ತಿದ್ದರಿಂದಲೇ ರೋಟರಿ ಅನ್ನುವ ಹೆಸರು. ಊರಿನ ಕೆಲಸಕ್ಕೆ ಕೈ ಹಾಕಿದ್ದು ಆಮೇಲೆ. ಮೊದಲು ಹಿಡಿದ ಕೆಲಸ ಶಿಕಾಗೋದಲ್ಲಿ ಸಾರ್ವಜನಿಕ ಶೌಚಾಲಯ ಕಟ್ಟಿಸುವುದು! ಮೊದಲು ಒಬ್ಬರನ್ನೊಬ್ಬರು ನಂಬುವಷ್ಟು ಹತ್ತಿರವಾದರು, ಕೆಲಸ ಅದರ ಹಿಂದೆ ಬಂತು. ನಮ್ಮ ಊರಿನಲ್ಲೂ ಇದೇ ಕ್ರಮ ಕಂಡಿದ್ದೇನೆ.

ದುಡ್ಡು ಕೂಡಿಸುವ ಕೆಲಸ ಈ ನಂಬಿಕೆ ಇಲ್ಲದೆ ಆಗುವುದೇ ಇಲ್ಲ. ನಮ್ಮ ಕಡೆ ಇದಕ್ಕೆ ಒಂದು ಕಾಲ ಇದೆ. ರೋಟರಿ ವರ್ಷ ಶುರುವಾಗುವುದು ಜುಲೈ 1ಕ್ಕೆ. ಹೊಸ ಅಧ್ಯಕ್ಷರ ಪದಗ್ರಹಣ ಆಗುವಾಗ ಇಲ್ಲಿ ಧೋ ಅಂತ ಮಳೆ. ಆಗ ಯಾರ ಹತ್ತಿರವೂ ದುಡ್ಡು ಕೇಳುವ ಹಾಗಿಲ್ಲ. ಶಾಲೆಯ ಫೀಸು, ಅಡಿಕೆ ತೋಟಕ್ಕೆ ಔಷಧಿ ಹೊಡೆಸುವ ಖರ್ಚು, ಕೊಳೆರೋಗದ ಚಿಂತೆ. ಗಣೇಶನ ಹಬ್ಬ ಬಂದರೆ ಚಂದಾ ಪುಸ್ತಕಗಳು ಬೀದಿಗೆ ನಾಲ್ಕು. ಅಡಿಕೆ ಕೊಯ್ದು, ಬೇಯಿಸಿ, ಒಣಗಿಸಿ ಮಂಡಿಗೆ ಹೋದ ಮೇಲೆಯೇ ಮನೆಗಳಲ್ಲಿ ದುಡ್ಡು ಓಡಾಡುವುದು. ಆದ್ದರಿಂದ ನಮ್ಮ ದೊಡ್ಡ ಕಾರ್ಯಕ್ರಮ ಯಾವತ್ತೂ ಫೆಬ್ರವರಿ, ಮಾರ್ಚಿನಲ್ಲಿ. ಸಹಾಯಾರ್ಥ ಯಕ್ಷಗಾನ.

ಒಂದು ರಾತ್ರಿಯ ಆಟದಿಂದ ದುಡ್ಡು ಉಳಿಸುವುದು ಸುಲಭ ಅಂದುಕೊಳ್ಳಬೇಡಿ. ಮೇಳಕ್ಕೆ ಕೊಡಬೇಕು, ಶಾಮಿಯಾನ, ಕುರ್ಚಿ, ದೀಪ, ಮೈಕು, ಕಲಾವಿದರ ಊಟ. ಟಿಕೆಟ್ ದುಡ್ಡಿನಲ್ಲಿ ಇದನ್ನೆಲ್ಲ ತೀರಿಸಲು ಹೋದರೆ ಬೆಳಗಾಗುವಾಗ ಕೈ ಖಾಲಿ. ಒಮ್ಮೆ ಹಾಗೆಯೇ ಆಯಿತು. ಅಲ್ಲಿಂದ ಮುಂದೆ ಖರ್ಚಿಗೆಲ್ಲ ಮೊದಲೇ ಪ್ರಾಯೋಜಕರನ್ನು ಹುಡುಕುತ್ತೇವೆ: ಶಾಮಿಯಾನ ಒಬ್ಬರದು, ಊಟ ಒಬ್ಬರದು, ಮೇಳದ ಹಣ ಇಬ್ಬರು ಮೂವರು ಸೇರಿ. ಸ್ಮರಣ ಸಂಚಿಕೆಯ ಜಾಹೀರಾತು ಬೇರೆ. ಆಮೇಲೆ ಟಿಕೆಟ್ಟಿನಿಂದ ಬಂದದ್ದು ಬಂದ ಹಾಗೆ ಸೇವೆಯ ಖಾತೆಗೆ ಹೋಗುತ್ತದೆ. ಟಿಕೆಟ್ ಪುಸ್ತಕಗಳನ್ನು ಹಂಚಿಕೊಂಡು ಪ್ರತಿ ಮಂಗಳವಾರ ಯಾರದ್ದು ಎಷ್ಟು ಹೋಯಿತು ಅಂತ ಎಲ್ಲರ ಎದುರು ಹೇಳಬೇಕು. ಎದುರಿಗೆ ಹೇಳುವುದಿದ್ದರೆ ಮನುಷ್ಯ ಇನ್ನೆರಡು ಮನೆಗೆ ಹೋಗುತ್ತಾನೆ. ವಾಟ್ಸಾಪಿನಲ್ಲಿ ಕೇಳಿದರೆ ಕೈ ಮುಗಿದ ಚಿತ್ರ ಬರುತ್ತದೆ, ದುಡ್ಡು ಬರುವುದಿಲ್ಲ.

ಕೊಡುವವರಿಗೂ ಒಂದು ಮಾತು. ರಶೀದಿ ಕೇಳಿ ತೆಗೆದುಕೊಳ್ಳಿ. ದಾನಕ್ಕೆ ಆದಾಯ ತೆರಿಗೆ ರಿಯಾಯಿತಿ ಕೊಡಿಸುವ ನೋಂದಣಿ (80ಜಿ ಅಂತ ಕರೆಯುವುದು) ಇರುವ ಟ್ರಸ್ಟಿಗೆ ಕೊಟ್ಟರೆ ಹಳೇ ತೆರಿಗೆ ಪದ್ಧತಿಯವರಿಗೆ ರಿಯಾಯಿತಿ ಸಿಗುತ್ತದೆ, ಆದರೆ 2000 ರೂಪಾಯಿಗಿಂತ ಜಾಸ್ತಿ ನಗದಾಗಿ ಕೊಟ್ಟರೆ ಸಿಗುವುದಿಲ್ಲ. ಲೆಕ್ಕ ಕೇಳಿದರೆ ನಮಗೆ ಕೋಪ ಬರುವುದಿಲ್ಲ, ಖುಷಿಯೇ ಆಗುತ್ತದೆ.

ಸಣ್ಣ ದುಡ್ಡಿನಿಂದ ಏನಾಗುತ್ತೆ ಅಂತ ಕೇಳುವವರೂ ಇದ್ದಾರೆ. ರೋಟರಿಯ ಸೇವಾ ನಿಧಿಯಾದ ರೋಟರಿ ಫೌಂಡೇಶನ್‌ಗೆ ಬಂದ ಮೊದಲ ದೇಣಿಗೆ 26 ಡಾಲರ್ 50 ಸೆಂಟ್. ಅದೇ ರೋಟರಿ 1985ರಲ್ಲಿ ಜಗತ್ತಿನಿಂದ ಪೋಲಿಯೋ ಓಡಿಸುತ್ತೇವೆ ಅಂತ ಹೊರಟಿತು. ನಾನು ಕ್ಲಬ್ಬಿಗೆ ಸೇರಿದ ಹೊಸತರಲ್ಲಿ ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಬಸ್ ಸ್ಟ್ಯಾಂಡಿನ ಬೂತಿನಲ್ಲಿ ನಿಲ್ಲುತ್ತಿದ್ದೆ. ಆಶಾ ಕಾರ್ಯಕರ್ತೆಯರು ಹನಿ ಹಾಕುವುದು, ನಾವು ಬಸ್ಸಿನಿಂದ ಇಳಿಯುವ ತಾಯಂದಿರನ್ನು ಕರೆದು ತರುವುದು, ಮಕ್ಕಳ ಬೆರಳಿಗೆ ಗುರುತು ಹಾಕಿಸುವುದು. ದೊಡ್ಡ ಕೆಲಸ ಮಾಡಿದವರು ಆ ಕಾರ್ಯಕರ್ತೆಯರು, ಆರೋಗ್ಯ ಇಲಾಖೆಯವರು, ಅದರಲ್ಲಿ ಅನುಮಾನವೇ ಇಲ್ಲ. ಭಾರತದ ಕೊನೆಯ ಪೋಲಿಯೋ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ, 2011ರ ಜನವರಿ 13ರಂದು. 2014ರ ಮಾರ್ಚ್ 27ಕ್ಕೆ ಭಾರತವೂ ಸೇರಿದ ಆಗ್ನೇಯ ಏಷ್ಯಾ ಪ್ರದೇಶ ಪೋಲಿಯೋ ಮುಕ್ತ ಅಂತ ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅದರ ನಂತರದ ಮಂಗಳವಾರ ನಮ್ಮ ಸಭೆಯಲ್ಲಿ ಒಬ್ಬ ಹಿರಿಯರು ಕಣ್ಣು ಒರೆಸಿಕೊಂಡರು. ಅವರ ತಮ್ಮನಿಗೆ ಬಾಲ್ಯದಲ್ಲಿ ಪೋಲಿಯೋ ಆಗಿತ್ತು ಅಂತ ಅವತ್ತೇ ನಮಗೆ ಗೊತ್ತಾಗಿದ್ದು.

ಕೇಳುವವರ ಮಾತಿನಲ್ಲಿ ನಿಜ ಇಲ್ಲವೆಂದಲ್ಲ. ಪದಗ್ರಹಣಕ್ಕೆ ದೊಡ್ಡ ಸಭಾಂಗಣ, ಶಾಲು, ಹಾರ, ಸ್ಮರಣಿಕೆ, ಊರು ತುಂಬ ಫ್ಲೆಕ್ಸ್, ಇವೆಲ್ಲ ಜಾಸ್ತಿಯಾಗಿವೆ. ಅದು ಸದಸ್ಯರ ದುಡ್ಡೇ ಇರಬಹುದು, ಆದರೂ ನೋಡುವವರಿಗೆ ಬೇರೆ ಥರ ಕಾಣುತ್ತದೆ, ಹಾಗೆ ಕಂಡರೆ ತಪ್ಪು ಅವರದ್ದಲ್ಲ. ನೋಟ್ ಪುಸ್ತಕ ಕೊಡುವಾಗ ಮಗುವನ್ನು ನಿಲ್ಲಿಸಿಕೊಂಡು ಫೋಟೋ ತೆಗೆಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಮೂರು ವರ್ಷ ವಾದ ಮಾಡಿ ನಮ್ಮ ಕ್ಲಬ್ಬಿನಲ್ಲಿ ನಿಲ್ಲಿಸಿದ್ದೇವೆ. ಸಭೆಯಲ್ಲಿ ನಾವು ನಾಲ್ಕು ಪ್ರಶ್ನೆ ಓದುತ್ತೇವೆ: ಇದು ಸತ್ಯವೇ, ಎಲ್ಲರಿಗೂ ನ್ಯಾಯವೇ, ಸ್ನೇಹ ಬೆಳೆಸುತ್ತದೆಯೇ, ಎಲ್ಲರಿಗೂ ಒಳ್ಳೆಯದಾಗುತ್ತದೆಯೇ ಅಂತ. 1932ರಲ್ಲಿ ಮುಳುಗುತ್ತಿದ್ದ ಪಾತ್ರೆ ಕಂಪನಿಯೊಂದನ್ನು ಉಳಿಸಲು ಹರ್ಬರ್ಟ್ ಟೇಲರ್ ಬರೆದ ಪ್ರಶ್ನೆಗಳು ಅವು. ಫೋಟೋ ವಾದ ಗೆದ್ದಿದ್ದು ಎರಡನೇ ಪ್ರಶ್ನೆಯಿಂದ.

ವಾರವಾರ ಸೇರಲೇಬೇಕು ಅಂತ ಈಗ ನಿಯಮವೂ ಇಲ್ಲ. 2016ರಿಂದ ತಿಂಗಳಿಗೆ ಎರಡು ಸಭೆ ಮಾಡಿದರೂ ಸಾಕು. ಎಷ್ಟೋ ಕ್ಲಬ್ಬುಗಳು ಹಾಗೆ ಮಾಡಿಕೊಂಡಿವೆ, ದೊಡ್ಡ ಊರಿನ ಟ್ರಾಫಿಕ್ಕಿನಲ್ಲಿ ಅದು ಸರಿ ಇರಬಹುದು. ನಮ್ಮಲ್ಲೂ ಚರ್ಚೆಯಾಯಿತು. ಬೇಡ ಅಂತ ತೀರ್ಮಾನ ಆಗಿದ್ದು ನಮ್ಮ ಸಲಕರಣೆ ಬ್ಯಾಂಕಿನ ಕಾರಣಕ್ಕೆ.

ಇದು ನನಗೆ ಎಲ್ಲಕ್ಕಿಂತ ಪ್ರೀತಿಯ ಕೆಲಸ. ಗಾಲಿಕುರ್ಚಿ, ವಾಕರ್, ತಲೆಯ ಕಡೆ ಎತ್ತುವ ಮಂಚ, ಗಾಳಿ ಹಾಸಿಗೆ, 2021ರ ಕೋವಿಡ್ ಹೊತ್ತಿನಲ್ಲಿ ಕೊಂಡ ಆಮ್ಲಜನಕದ ಯಂತ್ರಗಳು, ಶವ ಇಡುವ ಫ್ರೀಜರ್ ಪೆಟ್ಟಿಗೆ. ಸಣ್ಣ ಠೇವಣಿ ಇಟ್ಟುಕೊಂಡು ಕೊಡುತ್ತೇವೆ, ವಾಪಸ್ ಬಂದಾಗ ಠೇವಣಿ ಪೂರ್ತಿ ಕೊಡುತ್ತೇವೆ. ಕಾಲು ಮುರಿದವರಿಗೆ ವಾಕರ್ ಬೇಕಾಗುವುದು ಎರಡು ತಿಂಗಳು. ಆಮೇಲೆ ಅದು ಅಟ್ಟದ ಮೇಲೆ ಹೋಗುತ್ತದೆ, ಯಾರೂ ಬೇಕಂತ ಮಾಡುವುದಲ್ಲ, ಮರೆತುಹೋಗುತ್ತದೆ ಅಷ್ಟೇ. ಆ ಹೊತ್ತಿಗೆ ಇನ್ನೊಂದು ಮನೆಯಲ್ಲಿ ಯಾರೋ ಗೋಡೆ ಹಿಡಿದುಕೊಂಡು ನಡೆಯುತ್ತಿರುತ್ತಾರೆ. ಪ್ರತಿ ಮಂಗಳವಾರ ಆ ಪಟ್ಟಿಯನ್ನು ಜೋರಾಗಿ ಓದುತ್ತೇವೆ. ಯಾವುದು ಯಾರ ಮನೆಯಲ್ಲಿದೆ, ಎಷ್ಟು ದಿನವಾಯಿತು, ಆ ಕಡೆ ಹೋಗುವವರು ಯಾರು. ಎರಡು ವಾರಕ್ಕೊಮ್ಮೆ ಓದಿದರೆ ಒಂದು ವಾರ ಯಾರೋ ಕಾಯಬೇಕಾಗುತ್ತದೆ ಅಂತ ನಮ್ಮ ಪ್ರೆಸ್ಸಿನವರು ಹೇಳಿದ ಮೇಲೆ ಬೇರೆ ಮಾತು ಬರಲಿಲ್ಲ.

ಈ ವಾರದ ಪಟ್ಟಿಯಲ್ಲಿ ಎರಡು ಬಾಕಿ ಇದ್ದವು. ಒಂದು ಗಾಳಿ ಹಾಸಿಗೆ, ಅದು ಇನ್ನೂ ಬೇಕಂತೆ, ಇರಲಿ ಅಂದೆವು. ಇನ್ನೊಂದು ಗಾಲಿಕುರ್ಚಿ. ಅದನ್ನು ಬಳಸುತ್ತಿದ್ದ ಅಜ್ಜಿ ಹೋದ ತಿಂಗಳು ತೀರಿಕೊಂಡರು, ಹದಿನಾಲ್ಕು ದಿನ ಮುಗಿಯಲಿ ಅಂತ ಯಾರೂ ಕೇಳಿರಲಿಲ್ಲ. ನಾಳೆ ಬೆಳಿಗ್ಗೆ ನಾನು ಹೋಗಿ ಮನೆಯವರನ್ನು ಮಾತಾಡಿಸಿ ತರುತ್ತೇನೆ. ಆಸ್ಪತ್ರೆ ರಸ್ತೆಯ ಮನೆಯೊಂದರಲ್ಲಿ ಅದಕ್ಕಾಗಿ ಕಾಯುತ್ತಿದ್ದಾರೆ.