‘ನಾಳೆಯೂ ಇಷ್ಟೇ ನೀರು’ ಎಂಬ ಎದುರಾಳಿ

ಬಂಟ್ವಾಳದಲ್ಲಿ ನೇತ್ರಾವತಿಯ ಹರಿವಿಗೆ ನಾನು ಬರೆಯುತ್ತಿರುವ ಮುನ್ಸೂಚನೆ ಕೊನೆಗೂ ‘ನಾಳೆಯೂ ಇಂದಿನಷ್ಟೇ ನೀರು’ ಎಂಬ ಸರಳ ಊಹೆಯನ್ನು ಸೋಲಿಸಿದೆ! ಮಳೆಯಿಂದ ಹೊಳೆಯ ನೀರನ್ನು ಲೆಕ್ಕಹಾಕುವ ಮಾದರಿ ಕಟ್ಟಿದ ಕಥೆಯಲ್ಲಿ ಹೊಸತೇನಿಲ್ಲ. ತಲೆ ತಿಂದದ್ದು ಆ ಮುನ್ಸೂಚನೆಗೆ ಅಂಕ ಕೊಡುವ ಕ್ರಮ.

ನ್ಯಾಶ್–ಸಟ್‌ಕ್ಲಿಫ್ ಅಂಕ ಮೊದಲಿನಿಂದಲೂ 0.9ರ ಆಸುಪಾಸಿನಲ್ಲಿತ್ತು. ಮುನ್ಸೂಚನೆ ನಿಜವಾದ ಹರಿವಿಗೆ ಎಷ್ಟು ಹೊಂದುತ್ತದೆ ಎಂದು ಹೇಳುವ, 1970ರಿಂದ ಬಳಕೆಯಲ್ಲಿರುವ ಅಳತೆ ಅದು: 1 ಬಂದರೆ ಪೂರ್ಣ ತಾಳೆ, 0 ಬಂದರೆ ದಿನವೂ ಸರಾಸರಿಯನ್ನೇ ಹೇಳಿದಷ್ಟು. ಆದರೆ ಮಾರ್ಚಿನಲ್ಲಿ ಬಂಡೆಗಳ ನಡುವೆ ಸೊರಗಿ ಜುಲೈಯಲ್ಲಿ ದಡ ತುಂಬುವ ಹೊಳೆಗೆ ವರ್ಷದ ಸರಾಸರಿ ಒಂದು ಎದುರಾಳಿಯೇ? ಮಳೆಗಾಲದಲ್ಲಿ ನೀರು ಹೆಚ್ಚು ಎಂದಷ್ಟೇ ಬಲ್ಲವರೂ ಅದನ್ನು ಸೋಲಿಸುತ್ತಾರೆ.

ರೇಖಾಚಿತ್ರವನ್ನು ಹಿಗ್ಗಿಸಿ ಒಂದೊಂದೇ ಏರಿಕೆಯನ್ನು ನೋಡಿದೆ. ಬೆಳಿಗ್ಗೆ 5 ಮೀಟರ್ ಇದ್ದ ನೀರು ಮರುದಿನ 8 ಮುಟ್ಟುವುದಿದ್ದರೆ ಮಾದರಿ 5ಕ್ಕಿಂತ ಚೂರು ಮೇಲೆ ನಿಲ್ಲುತ್ತದೆ. 8 ಎನ್ನುವ ಹೊತ್ತಿಗೆ ನೀರು ಇಳಿಯತೊಡಗಿರುತ್ತದೆ. ಇಲ್ಲಿ ಅಪಾಯದ ಮಟ್ಟ 8.5 ಮೀಟರ್. ಪೇಟೆಯವರು ಅಂಗಡಿಯ ಸಾಮಾನು ಮೇಲೇರಿಸಬೇಕಾದ ರಾತ್ರಿಯೇ ಕೈಕೊಡುವ ಮುನ್ಸೂಚನೆಗೆ 0.9 ಅಂಕವೆಂದರೆ ಸಿಟ್ಟು ಬಾರದೆ ಇರುತ್ತದೆಯೇ?

ಕಾರಣ ಗಡಿಯಾರದಲ್ಲಿತ್ತು. ಹವಾಮಾನ ಇಲಾಖೆಯ ದಿನದ ಮಳೆ ಬೆಳಿಗ್ಗೆ 8:30ಕ್ಕೆ ಮುಗಿಯುವ 24 ಗಂಟೆಗಳದ್ದು. ನನ್ನ ಹರಿವಿನ ಸರಾಸರಿ ನಡುರಾತ್ರಿಯಿಂದ ನಡುರಾತ್ರಿಗೆ. ಹೊಳೆಗೆ ನೀರು ಕೊಡುವ ಚಾರ್ಮಾಡಿ ಘಟ್ಟದಲ್ಲಿ ಸಂಜೆ ಸುರಿದ ಮಳೆ ಮರುದಿನದ ದಿನಾಂಕದಲ್ಲಿ ದಾಖಲಾಗುತ್ತದೆ. ಘಟ್ಟ ಇಳಿದು ಕಡಲು ಸೇರಲು ಅವಸರಪಡುವ ಹೊಳೆ ಅಷ್ಟು ಹೊತ್ತು ಕಾಯುವುದಿಲ್ಲ. ಗಂಟೆಗಂಟೆಯ ಮಳೆ ತೆಗೆದುಕೊಂಡು, ಲೆಕ್ಕವನ್ನು 6 ಗಂಟೆಗೊಮ್ಮೆ ಎಂದು ಬದಲಿಸಿದೆ. ನೀರು ಏರುವ ಹೊತ್ತನ್ನು ಮಾತ್ರ ಆರಿಸಿ, ಸರಳ ಊಹೆಯ ತಪ್ಪಿನೊಡನೆ ನನ್ನ ತಪ್ಪನ್ನು ಹೋಲಿಸಿದೆ. ಈ ಹೋಲಿಕೆಯ ಅಂಕದಲ್ಲಿ ಸೊನ್ನೆ ಎಂದರೆ ಸರಳ ಊಹೆಯಷ್ಟೇ ತಪ್ಪು. ಹಿಂದೆ ಅದಕ್ಕಿಂತ ಕೆಳಗಿದ್ದ ನನ್ನ ಅಂಕ ಈಗ ಮೇಲೆ ಬಂದಿದೆ.

ಗಂಟೆಯ ಮಳೆಗಾಗಿ ಉಪ್ಪಿನಂಗಡಿಯ ಬಳಿ ಭಾವನ ಅಡಿಕೆ ತೋಟದಲ್ಲಿ ಮಳೆಮಾಪಕ ನಿಲ್ಲಿಸಿದ್ದೇನೆ. ಅದರೊಳಗಿನ ಪುಟ್ಟ ಬಟ್ಟಲು ಮಳೆನೀರು ತುಂಬಿ ಮಗುಚುವುದನ್ನು ಎಣಿಸುವ ರೀಡ್ ಸ್ವಿಚ್ (ಅಯಸ್ಕಾಂತದಿಂದ ಕೆಲಸ ಮಾಡುವ ಸ್ವಿಚ್), ಒಮ್ಮೆ ಮಗುಚಿದರೆ ಎರಡು ಎಣಿಸುತ್ತಿತ್ತು. ಮಾರಿದವರಿಗೆ ಫೋನ್ ಮಾಡಿದರೆ, “ನಿಮ್ಮ ಕಡೆ ಮಳೆಯೇ ಜೋರಲ್ಲವೇ ಸಾರ್!” ಎಂಬ ಉತ್ತರ. ಮುಂದಿನ ಕೆಲಸವಾದ ಫಲ್ಗುಣಿ ಹೊಳೆಯ ಸೇತುವೆಯಡಿಯ ರಾಡಾರ್ ಮಟ್ಟಮಾಪಕವನ್ನು ಅವರಿಂದ ಖಂಡಿತ ಕೊಳ್ಳುವುದಿಲ್ಲ. ಅಲ್ಲಿ ಒಂದೇ ಸಂಖ್ಯೆ ಹೇಳುವ ಬದಲು ಸಂಭವನೀಯತೆ ಹೇಳಿ, ಹೇಳಿದ ಸಂಭವನೀಯತೆ ನಡೆದದ್ದಕ್ಕೆ ಎಷ್ಟು ಹತ್ತಿರವಿತ್ತೆಂದು ಅಳೆಯುವ ಬ್ರಯರ್ ಅಂಕದಿಂದ ಪರೀಕ್ಷಿಸುವ ಆಸೆಯಿದೆ.

ಇನ್ನು ವರದಿಯಲ್ಲಿ ಮೂರು ಎಣಿಕೆಗಳನ್ನೂ ಕೊಡುತ್ತೇನೆ: ಎಚ್ಚರಿಸಿದ ನೆರೆ, ತಪ್ಪಿಹೋದ ನೆರೆ, ಬಾರದ ನೆರೆಗೆ ಕೊಟ್ಟ ಎಚ್ಚರಿಕೆ. ‘ನೆರೆಯಿಲ್ಲ’ ಎಂದು ಸರಿಯಾಗಿ ಹೇಳಿದ ಬೇಸಿಗೆಯ ದಿನಗಳನ್ನು ಸೇರಿಸಿದರೆ ಯಾರ ಅಂಕವೂ ಉಬ್ಬುತ್ತದೆ, ಅವು ಬೇಡ. ನೆರೆಗಳೇ ಬೆರಳೆಣಿಕೆಯಷ್ಟಿರುವಾಗ ಶೇಕಡಾವಾರು ಕೂಡ ಬೇಡ. ದೊಡ್ಡ ನೆರೆಯನ್ನು ಕ್ಯುಮೆಕ್‌ನಲ್ಲಿ (ಸೆಕೆಂಡಿಗೆ ಹರಿಯುವ ಘನ ಮೀಟರ್ ನೀರು) ಹೇಳದೆ ಮೀಟರಿನಲ್ಲೇ ಹೇಳುತ್ತೇನೆ. ಅಷ್ಟು ಎತ್ತರದಲ್ಲಿ ಹರಿವನ್ನು ನೇರವಾಗಿ ಅಳೆಯುವುದು ಅಪರೂಪ. ನೀರಿನ ಮಟ್ಟದಿಂದ ಹರಿವನ್ನು ಲೆಕ್ಕಹಾಕುವ ಗೆರೆಯನ್ನೇ, ಅಳತೆಯಿಲ್ಲದ ಎತ್ತರಕ್ಕೂ ಅಂದಾಜಿನಿಂದ ಎಳೆದಿರುತ್ತಾರೆ.